ಸೇಬಿನ ಕಾವು

ಗುಲ್ಟೇಕಡಿಯ ಕೋಲ್ಡ್ ಸ್ಟೋರೇಜಿನಲ್ಲಿ
ಗೊಲ್ಲಾಳಪ್ಪನಿಗೆ ರಾತ್ರಿಪಾಳಿ.
ಸೇಬು ಮಲಗುವ ಕೋಣೆಯಲ್ಲಿ ಎರಡು ಡಿಗ್ರಿ.
ಪುಣೆಗೆ ಒಂಬತ್ತು ಅಂತ ಪೇಪರಿನವರು ಬರೆದಿದ್ದಾರೆ,
ನಮ್ಮ ತಗಡಿನ ಕೆಳಗೆ ಬಂದು ಯಾರೂ ಅಳೆದಿಲ್ಲ.

ನಮ್ಮ ಮೀಟರು ಕುಸುಮತಾಯಿ ಪಾಸಲ್ಕರರ ಮೀಟರಿನ ಮಗಳು.
ತಾಯಿಗೆ ಯೂನಿಟ್ಟು ಎಂಟು ರೂಪಾಯಿ, ಮಗಳಿಗೆ ಹದಿನಾಲ್ಕು.
ರಾಡು ಅರ್ಧ ತಾಸು ಮುಳುಗಿದರೆ ಮುಕ್ಕಾಲು ಯೂನಿಟ್ಟು,
ಬಕೆಟ್ಟಿಗೆ ಹತ್ತೂವರೆ.
ಅಷ್ಟಕ್ಕೆ ಅರ್ಧ ಲೀಟರ್ ಹಾಲೂ ಬರುವುದಿಲ್ಲ, ಖರೆ,
ಆದರೆ ಹಾಲು ಹೊಟ್ಟೆಯಲ್ಲಿ ಉಳಿಯುತ್ತದೆ,
ನೀರು ಮೋರಿ ಸೇರುತ್ತದೆ.

ಡಿಸೆಂಬರಿನ ಬಿಲ್ಲು ಬಂದ ದಿನ
ರಾಡನ್ನು ಮೊಳೆಗೆ ನೇತುಹಾಕಿದೆ, ಹಬ್ಬದ ಸೀರೆಯ ಪಕ್ಕ.
ಕಿಟಕಿಯ ಸಂದಿಗೆ ಮರಾಠಿ ಪೇಪರು ತುರುಕಿದೆ.
ಯಾರದೋ ಮದುವೆ, ಯಾರದೋ ತಿಥಿ,
ಗಾಳಿ ಎರಡನ್ನೂ ಓದಿಕೊಂಡೇ ಒಳಗೆ ಬಂತು.
ಎಣ್ಣೆ ಡಬ್ಬಿಗೆ ಹಂಚಿನ ಮಸಿ ಬಳಿದು ತಗಡಿನ ಮೇಲಿಟ್ಟೆ.
ಮೂರು ಗಂಟೆಗೆ ಬೆರಳು ತಾಳದಷ್ಟು ಕಾದಿತ್ತು ನೀರು,
ಸಂಜೆ ಪಾತ್ರೆ ತೊಳೆಯಲಿಕ್ಕೆ ಅದೇ.
ಆದರೆ ನಸುಕಿನಲ್ಲಿ ಸೂರ್ಯ ಯಾರಿಗೂ ಕೈಗಡ ಕೊಡುವವನಲ್ಲ,
ಕೂಸು ರಾತ್ರಿಯೆಲ್ಲ ಒದ್ದೆಯಾಗಿ
ನಸುಕಿಗೇ ಮೈ ತೊಳಿ ಅನ್ನುತ್ತದೆ,
ಅದರ ಭಾಷೆಯಲ್ಲಿ, ಓಣಿಗೆಲ್ಲ ಕೇಳುವ ಹಾಗೆ.

ಸ್ಟೋರೇಜಿನ ಮಶೀನು ನೋಡುವವ ಇರ್ಷಾದ್ ಚಾಚಾ, ಬೀದರಿನ ಕಡೆಯವ.
ಒಂದು ರಾತ್ರಿ ಚಹಾ ಆರುವ ಮೊದಲೇ ಹೇಳಿದನಂತೆ:
“ಥಂಡಿ ಅನ್ನೂದನ್ನ ಯಾರೂ ತಯಾರ ಮಾಡಂಗಿಲ್ಲ ತಮ್ಮಾ,
ಒಳಗಿನ ಬಿಸಿ ಹೊರಗ ದಬ್ಬತೀವಿ, ಅಷ್ಟ.
ಸೇಬೂ ಉಸರ ಬಿಡತೈತಿ, ಗೊತ್ತದ ಏನು?
ಕಿತ್ತ ಮ್ಯಾಲೂ.”

ಹಿಂದಿನ ಗೋಡೆಯ ಮೇಲೆ ಒಂದು ಕೊಳವೆ,
ಮುಟ್ಟಿದರೆ ಚುರ್ ಅನ್ನುತ್ತದೆ.
ಚಾಚಾ ಅದಕ್ಕೆ ತಗಡಿನ ಡ್ರಮ್ಮು ಸುತ್ತಿ, ಬೆಸುಗೆ ಹಾಕಿ,
ಕೆಳಗೊಂದು ನಲ್ಲಿ ಕೂಡಿಸಿದ.
ಮಾಲೀಕರಿಗೆ ಗೊತ್ತು. ಕೇಳಿದರೆ ಗೊತ್ತಿಲ್ಲ.

ಈಗ ದಿನಾ ಬೆಳಗ್ಗೆ ಹತ್ತು ಲೀಟರಿನ ಕ್ಯಾನು,
ಅದರ ಮೇಲೆ ಗೋಣಿಚೀಲ, ಗೋಣಿಯ ಮೇಲೆ ನನ್ನ ಹರಿದ ಇಳಕಲ್ಲು.
ಬಿಬವೇವಾಡಿಯ ಏರಿನಲ್ಲಿ ಸೈಕಲ್ಲು ತಳ್ಳುತ್ತ ಬರುತ್ತಾನೆ,
ಬಾಣಂತಿಯನ್ನು ಕರೆತಂದ ಹಾಗೆ, ಕುಲುಕದೆ.
ಹೊರಟಾಗ ಸುಡುವ ನೀರು
ಬಾಗಿಲಿಗೆ ಬರುವಷ್ಟರಲ್ಲಿ ಕೂಸಿಗೆ ಸರಿಯಾಗಿರುತ್ತದೆ;
ನಡುವಿನ ಬಿಸಿ ರಸ್ತೆಗೆ, ಸುಂಕ.

ಕಾಶ್ಮೀರದ ಸೇಬು. ಕೇಜಿಗೆ ಇನ್ನೂರು.
ನಾವು ತಿಂದದ್ದು ಒಮ್ಮೆ, ಆಸ್ಪತ್ರೆಯಲ್ಲಿ, ಪಕ್ಕದ ಹಾಸಿಗೆಯವರು ಕೊಟ್ಟಾಗ.
ಅದು ಯಾವುದೋ ಬೆಟ್ಟದಲ್ಲಿ ಕುಡಿದ ಬಿಸಿಲು
ಈಗ ಮಗಳ ತೊಡೆಯ ಸಂದಿನಲ್ಲಿ ಇಳಿಯುತ್ತಿದೆ.
ನೆತ್ತಿ ಮೂಸಿ ನೋಡಿದೆ. ಕೊಬ್ಬರಿಎಣ್ಣೆ ಅಷ್ಟೇ.

ಜನವರಿಯ ಮುಗಿತಾಯಕ್ಕೆ ಕುಸುಮತಾಯಿ ಬ್ಯಾಟರಿ ಹಿಡಿದು ಬಂದರು,
ಮೀಟರಿಗೆ ಎರಡು ಸಲ ಕುಟ್ಟಿದರು.
ಹೋದ ಸಲ ಎಪ್ಪತ್ತೊಂದು, ಈ ಸಲ ನಲವತ್ತಾರು.
“ಹೇ ಕಸಂ?” ಅಂದರು, ಹೇಗೆ ಅಂತ,
ನನ್ನನ್ನಲ್ಲ, ವೈರನ್ನು ನೋಡುತ್ತ.
ಸೇಬು ಅಂತ ಹೇಳಿದರೆ ನಂಬುವವರು ಯಾರು?
ಸುಮ್ಮನೆ ದುಡ್ಡು ಎಣಿಸಿಕೊಟ್ಟೆ.

ಇವತ್ತು ನೀರು ಎರೆಯುವಾಗ ಗೊಲ್ಲಾಳಪ್ಪ
ಹೊಸ್ತಿಲಲ್ಲಿ ಕೂತು ಬೂಟು ಬಿಚ್ಚುತ್ತಿದ್ದ.
ಬೆರಳು ಮಡಚಲು ಬಾರದೆ ಲೇಸಿನ ಗಂಟಿಗೆ ಹಲ್ಲು ಹಚ್ಚಿದ್ದ.
ಎಂಟು ತಾಸು ಸೇಬಿನ ಜೊತೆ ನಿಂತು ಬಂದವನು,
ಮಶೀನಿಗೆ ಸೇಬು ಯಾವುದು ಮನುಷ್ಯ ಯಾರು
ಅಂತ ಎಲ್ಲಿ ಗುರುತು?
ಇದರಲ್ಲಿ ಒಂದು ಚೊಂಬಾದರೂ ಅವನ ಮೈಯದೇ ಇರಬೇಕು.

“ಕೈ ಅದ್ದು ಬಾ,” ಅಂದೆ.
“ಮದ್ಲ ಆಕಿದು ಆಗಲಿ,” ಅಂದ.
ಕೂಸು ನೀರನ್ನು ಬಡಿದು
ಅವನ ಕಾಲ ಮೇಲೆ ಒಂದಿಷ್ಟು ಚೆಲ್ಲಿತು.